ನಿಮ್ಮ ಪುಟ್ಟ ಸೈನಿಕರಿಗೆ ಯೂನಿಫಾರ್ಮ್ ಬೇಡ

ವಾರ್‌ಗೇಮಿಂಗ್ ಶುರು ಮಾಡುವವರು ಮೊದಲ ಪೆಟ್ಟಿಗೆ ಕೊಂಡ ಕೂಡಲೇ ಕೇಳುವುದು ಒಂದೇ ಪ್ರಶ್ನೆ: 'ಯಾರ ಸೈನ್ಯ ಮಾಡ್ಲಿ?' ಇಂಗ್ಲೆಂಡಿನ ಸಿಂಹಾಸನಕ್ಕೆ ಕಾದಾಡಿದ ಯಾರ್ಕ್ ಕಡೆಯವರದೋ, ಲ್ಯಾಂಕಾಸ್ಟರ್ ಕಡೆಯವರದೋ, ಅಲ್ಲಿನ ದೊಡ್ಡ ಸಾಮಂತ ವಾರಿಕ್‌ನ ಅರ್ಲ್‌ದೋ? ಯಾರದೂ ಬೇಡ ಅಂತೀನಿ ನಾನು. ಇವತ್ತು ಇವರ, ನಾಳೆ ಅವರ ಪರವಾಗಿ ನಿಲ್ಲುವ ಸೈನ್ಯ ಮಾಡಿ.

ಗೊತ್ತಿಲ್ಲದವರಿಗೆ ಒಂದು ಮಾತು. ಒಂದಿಂಚಿಗಿಂತ ಚೂರು ಎತ್ತರದ ಪ್ಲಾಸ್ಟಿಕ್ ಸೈನಿಕರನ್ನು ಅಂಟಿಸಿ, ಬಣ್ಣ ಹಚ್ಚಿ, ಮೇಜಿನ ಮೇಲೆ ನಿಲ್ಲಿಸಿ, ಅಳತೆಯ ಟೇಪು ಮತ್ತು ದಾಳ ಹಿಡಿದು ಹಳೇ ಯುದ್ಧಗಳನ್ನು ಆಡುವ ಹವ್ಯಾಸ ಇದು. ನಾನು ಹೇಳುತ್ತಿರುವುದು 15ನೇ ಶತಮಾನದ ಕೊನೆಯ ಅರ್ಧದ ಕಾಲಾಳುಗಳ ಬಗ್ಗೆ. ಇಂಗ್ಲೆಂಡಿನ ಪೆರಿ ಸೋದರರು 1450ರಿಂದ 1500ರ ಕಾಲಕ್ಕೆ ಅಂತಲೇ ಪೆಟ್ಟಿಗೆಗಳನ್ನು ಮಾಡಿದ್ದಾರೆ. ಒಂದರಲ್ಲಿ ಇಂಗ್ಲಿಷ್ ಬಿಲ್ಲುಗಾರರು, ಜೊತೆಗೆ ಉದ್ದ ಕೋಲಿನ ತುದಿಗೆ ಕೊಕ್ಕೆಗತ್ತಿ ಸಿಕ್ಕಿಸಿಕೊಂಡ ಬಿಲ್‌ಮೆನ್. ಇನ್ನೊಂದರಲ್ಲಿ ಯುರೋಪಿನ ಬಾಡಿಗೆ ಸೈನಿಕರು: ಪೈಕ್ ಅನ್ನುವ ಉದ್ದ ಈಟಿ, ಕ್ರಾಸ್‌ಬೋ ಅನ್ನುವ ಅಡ್ಡಬಿಲ್ಲು, ಕೈಬಂದೂಕು. ತಲೆ, ತೋಳು ಎಲ್ಲ ಬಿಡಿಬಿಡಿ. ಎರಡೂ ಪೆಟ್ಟಿಗೆ ತಂದು ಅದಲು ಬದಲು ಮಾಡಿದರೆ ಒಬ್ಬನಂತೆ ಇನ್ನೊಬ್ಬ ಇರುವುದಿಲ್ಲ.

ಈಗ ಜಗಳದ ವಿಷಯಕ್ಕೆ ಬರೋಣ. ಒಬ್ಬ ದೊರೆಯ ಲಿವರಿ, ಅಂದರೆ ಅವನ ಬಣ್ಣದ ಜಾಕೆಟ್ಟು, ಎಲ್ಲರಿಗೂ ಹಚ್ಚಿದರೆ ನೋಡೋಕೆ ಚೆಂದ. ವಾರಿಕ್‌ನ ಕೆಂಪು, ಮುಂದೆ ರಾಜನಾದ ಹೆನ್ರಿ ಟ್ಯೂಡರ್‌ನ ಬಿಳಿ-ಹಸಿರು ಮೇಜಿನ ಮೇಲೆ ಎದ್ದು ಕಾಣುತ್ತವೆ. ಆದರೆ ಬಿಳಿ-ಹಸಿರು ಹಚ್ಚಿಕೊಂಡವರು 1461ರ ಟೌಟನ್ ಕದನಕ್ಕೆ ಬರುವ ಹಾಗಿಲ್ಲ. ಹೆನ್ರಿ ಆಗ ನಾಲ್ಕು ವರ್ಷದ ಮಗು. ಇಷ್ಟು ಕಷ್ಟಪಟ್ಟು ಬಣ್ಣ ಹಚ್ಚಿದವರು 1485ರ ಬಾಸ್‌ವರ್ತ್, 1487ರ ಸ್ಟೋಕ್ ಆಡಿ ಮತ್ತೆ ಡಬ್ಬಿಗೆ ಹೋಗಬೇಕಾ?

ಇತಿಹಾಸವೂ ನನ್ನ ಕಡೆಗೇ ವಾಲುತ್ತದೆ. ದೊರೆಯ ಮನೆಯವರಿಗೆ, ಅವನ ಸಂಬಳದವರಿಗೆ ಲಿವರಿ ಇತ್ತು, ನಿಜ. ಕೆಲವು ಊರುಗಳೂ ತಮ್ಮ ಜನಕ್ಕೆ ಒಂದೇ ಬಣ್ಣದ ಜಾಕೆಟ್ ಹೊಲಿಸಿದ್ದುಂಟು. ಆದರೆ 1457ರಲ್ಲಿ ಬ್ರಿಡ್‌ಪೋರ್ಟ್ ಊರಿನ ಗಂಡಸರನ್ನು ಸಾಲಾಗಿ ನಿಲ್ಲಿಸಿ ಯಾರ ಹತ್ತಿರ ಏನಿದೆ ಅಂತ ಬರೆದುಕೊಂಡ ಪಟ್ಟಿ ಉಳಿದಿದೆ. ಒಬ್ಬನ ಬಳಿ ಶಿರಸ್ತ್ರಾಣ, ಕೌದಿಯಂಥ ದಪ್ಪ ಮೇಲಂಗಿ ಜ್ಯಾಕ್, ಬಿಲ್ಲು ಎಲ್ಲ ಇದೆ. ಇನ್ನೊಬ್ಬನ ಬಳಿ ಬರೀ ಬಿಲ್ಲು. ಮತ್ತೊಬ್ಬನ ಬಳಿ ಏನೂ ಇಲ್ಲ. ಇಂಥವರನ್ನೂ ಸೇರಿಸಿಕೊಂಡ ಸೈನ್ಯಕ್ಕೆ ಎಲ್ಲಿಯ ಯೂನಿಫಾರ್ಮ್?

ಲಿವರಿ ಪಕ್ಷದವರು ತಕ್ಷಣ ಬಾರ್ನೆಟ್ ಕದನ ಎತ್ತುತ್ತಾರೆ. 1471ರ ಏಪ್ರಿಲ್, ದಟ್ಟ ಮಂಜು. ಆಕ್ಸ್‌ಫರ್ಡ್ ಅರ್ಲ್‌ನ ಜನರ ನಕ್ಷತ್ರದ ಗುರುತನ್ನು ಎದುರು ಪಕ್ಷದ, ಯಾರ್ಕ್‌ನ ರಾಜ ಎಡ್ವರ್ಡ್‌ನ ಸೂರ್ಯ ಅಂದುಕೊಂಡು ಸ್ವಂತ ಪಕ್ಷದವರೇ ಬಾಣ ಬಿಟ್ಟರು ಅಂತ ಆ ಕಾಲದ ಬರಹ ಹೇಳುತ್ತದೆ. ಗುರುತಿಗೆ ಅಷ್ಟು ಬೆಲೆ ಇತ್ತು, ಒಪ್ಪಿದೆ. ಅದಕ್ಕೇ ನಾನೂ ದೊರೆಯ ಸುತ್ತ ನಿಲ್ಲುವ ಹತ್ತಾರು ಜನಕ್ಕೆ ಲಿವರಿ ಹಚ್ಚುತ್ತೇನೆ. ಉಳಿದವರಿಗೆ ಹಚ್ಚುವುದಿಲ್ಲ.

ಇನ್ನೊಂದು ಲಾಭವನ್ನು ಜಾಸ್ತಿ ಜನ ಯೋಚಿಸುವುದಿಲ್ಲ. ಆ ಕಾಲದ ಸೈನಿಕರು ಒಂದೇ ದೇಶದಲ್ಲಿ ಕೂತವರಲ್ಲ. ಎಡ್ವರ್ಡ್ 1471ರಲ್ಲಿ ಸಮುದ್ರದಾಚೆಯ ಬರ್ಗಂಡಿ ಸಂಸ್ಥಾನದ ಆಶ್ರಯದಿಂದ ಮರಳಿದಾಗ ಫ್ಲೆಮಿಷ್ ಬಂದೂಕುಗಾರರೂ ಜೊತೆಗೆ ಬಂದರು. ಸ್ಟೋಕ್‌ನಲ್ಲಿ ಮಾರ್ಟಿನ್ ಶ್ವಾರ್ಟ್ಸ್ ಎಂಬ ಜರ್ಮನ್ ಕ್ಯಾಪ್ಟನ್ ತನ್ನ ಬಾಡಿಗೆ ಪಡೆಯ ಜೊತೆ ಹೋರಾಡಿ ಸತ್ತ. ಅತ್ತ ಬರ್ಗಂಡಿಯ ದೊರೆ ಚಾರ್ಲ್ಸ್ ಇಂಗ್ಲಿಷ್ ಬಿಲ್ಲುಗಾರರನ್ನು ಸಂಬಳಕ್ಕಿಟ್ಟುಕೊಂಡು 1476ರಲ್ಲಿ ಸ್ವಿಸ್ಸರ ಮೇಲೆ ಹೋಗಿ ಗ್ರಾಂಡ್‌ಸನ್, ಮುರ್ಟನ್ ಎರಡೂ ಕಡೆ ಸೋತ. ಅಂದರೆ ನಿಮ್ಮ ಬಿಲ್ಲುಗಾರರು ಸುಮ್ನೆ ಮೇಜಿನ ಆ ತುದಿಯಿಂದ ಈ ತುದಿಗೆ ಬಂದರೂ ತಪ್ಪಿಲ್ಲ. 1513ರ ಫ್ಲಾಡೆನ್ ಕದನಕ್ಕೂ ಎಳೆಯಬಹುದು. ಹಿಂದಕ್ಕೆ 1415ರ ಆಜಿನ್‌ಕೋರ್‌ಗೆ ಮಾತ್ರ ಬೇಡ. ಶಿರಸ್ತ್ರಾಣದ ಆಕಾರವೇ ಬೇರೆ.

ಬಣ್ಣ ಹಚ್ಚುವುದು ಹೇಗೆ? ಮೊದಲು ಕಂದು ಅಥವಾ ಬೂದು ಪ್ರೈಮರ್, ಅಂದರೆ ಮೇಲಿನ ಬಣ್ಣ ಹಿಡಿಯಲು ಅಡಿಗೆ ಹಚ್ಚುವ ಬಣ್ಣ. ಆಮೇಲೆ ಏಳೆಂಟು ಬಣ್ಣ ಆರಿಸಿಕೊಂಡು ಅಷ್ಟರಲ್ಲೇ ಮುಗಿಸಿ. ಬಣ್ಣ ಹಾಕದ ಉಣ್ಣೆಯ ಬೂದು, ಕಂದು. ಲಿನನ್‌ನ ಮಾಸಲು ಬಿಳಿ. ನಮ್ಮ ಮಂಜಿಷ್ಠದ ಜಾತಿಯ ಮ್ಯಾಡರ್ ಬೇರಿನ ಇಟ್ಟಿಗೆ ಕೆಂಪು. ವೋಡ್ ಗಿಡದ ಮಬ್ಬು ನೀಲಿ. ವೆಲ್ಡ್ ಗಿಡದ ಹಳದಿ. ನೀಲಿ ಮೇಲೆ ಹಳದಿ ಹಾಕಿದರೆ ಬರುವ ಹಸಿರು. ಕಡುಗೆಂಪು, ಗಾಢ ಕಪ್ಪು ದುಬಾರಿ ಬಟ್ಟೆಗಳು, ಅವು ದೊರೆಗಳಿಗಿರಲಿ. ಹತ್ತು ಹನ್ನೆರಡು ಜನರನ್ನು ಒಟ್ಟಿಗೆ ನಿಲ್ಲಿಸಿ, ಒಂದು ಬಣ್ಣ ಕೈಗೆ ತೆಗೆದುಕೊಂಡು ಒಬ್ಬನ ಟೋಪಿಗೆ, ಇನ್ನೊಬ್ಬನ ಕಾಲುಚೀಲಕ್ಕೆ, ಮತ್ತೊಬ್ಬನ ತೋಳಿಗೆ ಹಚ್ಚುತ್ತಾ ಹೋಗಿ. ಆಮೇಲೆ ಮುಂದಿನ ಬಣ್ಣ. ಯೋಚನೆ ಜಾಸ್ತಿ ಬೇಡ. ಗುಂಪು ತಾನಾಗೇ ಸಂತೆಗೆ ಬಂದ ಜನರ ಹಾಗೆ ಕಾಣುತ್ತದೆ, ಆದರೆ ಬಣ್ಣಗಳು ಅವೇ ಏಳೆಂಟು ಆದ್ದರಿಂದ ಚೆಲ್ಲಾಪಿಲ್ಲಿ ಅನ್ನಿಸುವುದಿಲ್ಲ.

ಲೋಹಕ್ಕೆ ಕಪ್ಪು ಹಚ್ಚಿ ಮೇಲೆ ಬೆಳ್ಳಿ ಬಣ್ಣ ಡ್ರೈಬ್ರಶ್ ಮಾಡಿ, ಅಂದರೆ ಬಣ್ಣ ಒರೆಸಿದ ಒಣ ಬ್ರಶ್‌ನಿಂದ ಮೇಲೆ ಮೇಲೆ ಸವರಿ. ಕೊನೆಗೆ ಇಡೀ ಸೈನಿಕನಿಗೆ ಕಂದು ವಾಶ್, ಅಂದರೆ ನೀರಾದ ಕಂದು ಬಣ್ಣ ಕೊಡಿ. ಮಡಿಕೆಗಳಲ್ಲಿ ನೆರಳು ಅದೇ ಮೂಡಿಸುತ್ತದೆ. ಕಣ್ಣು ಬರೆಯಲು ಹೋಗಬೇಡಿ. ಮೇಜಿನಿಂದ ಎರಡಡಿ ದೂರಕ್ಕೆ ಅದು ಕಾಣುವುದೇ ಇಲ್ಲ, ಬರೆದರೆ ಎಲ್ಲರೂ ಗಾಬರಿಬಿದ್ದವರ ಹಾಗೆ ಕಾಣುತ್ತಾರೆ. ಎದೆಯ ಮೇಲೆ ಸೇಂಟ್ ಜಾರ್ಜ್‌ನ ಕೆಂಪು ಶಿಲುಬೆಯೂ ಬೇಡ. ಅದು ಬಿದ್ದ ಕೂಡಲೇ ಅವನು ಇಂಗ್ಲೆಂಡಿನವನು, ಮುಗೀತು. ಸೈನಿಕನ ಕಾಲಡಿಯ ಬೇಸ್‌ಗೂ ಇದೇ ಮಾತು. ಟೌಟನ್ ಹಿಮದಲ್ಲಿ ನಡೆಯಿತು ಅಂತ ಬೇಸ್ ತುಂಬ ಹಿಮ ಹಾಕಿದವರನ್ನು ನೋಡಿದ್ದೇನೆ. ಆ ಸೈನಿಕರು ಆಗಸ್ಟಿನ ಬಾಸ್‌ವರ್ತ್‌ಗೂ ಹಿಮ ಹೊತ್ತುಕೊಂಡೇ ಬರಬೇಕು! ಒಣ ಹುಲ್ಲು, ಒಂಚೂರು ಮಣ್ಣು, ಸಾಕು.

ಪಕ್ಷ ಹೇಳುವ ಕೆಲಸ ಧ್ವಜದ್ದು. ಪ್ರತಿ ಪಕ್ಷಕ್ಕೆ ಒಬ್ಬಿಬ್ಬರು ಧ್ವಜದವರನ್ನು ಬೇರೆಯಾಗಿ ಮಾಡಿಟ್ಟುಕೊಳ್ಳಿ. ಬಾಸ್‌ವರ್ತ್‌ನಲ್ಲಿ ಹೆನ್ರಿಗೆ ಸೋತ ರಾಜ ರಿಚರ್ಡ್‌ನ ಬಿಳಿ ಹಂದಿ, ಬರ್ಗಂಡಿಯ ಸೇಂಟ್ ಆಂಡ್ರೂ ಶಿಲುಬೆ, ಸ್ವಿಸ್ಸರ ಊರು ಬರ್ನ್‌ನ ಕರಡಿ. ಆಟಕ್ಕೆ ತಕ್ಕ ಹಾಗೆ ಅವರನ್ನು ಮಾತ್ರ ಬದಲಿಸಿ. ಕಾಗದದ ಧ್ವಜ ಆದರೆ ಅಂಟು ಒದ್ದೆ ಇರುವಾಗಲೇ ಅಲೆಯ ಹಾಗೆ ಬಗ್ಗಿಸಿ, ಒಣಗಿದ ಮೇಲೆ ಅಂಚಿನ ಬಿಳಿಗೆ ಬಣ್ಣ ತುಂಬಿ. ಬಾಸ್‌ವರ್ತ್ ಆಡುವವರು ಸ್ಟ್ಯಾನ್ಲಿ ಸೋದರರಿಗೂ ಒಬ್ಬೊಬ್ಬ ಧ್ವಜದವನನ್ನು ಮಾಡಲೇಬೇಕು. ವಿಲಿಯಂ ಸ್ಟ್ಯಾನ್ಲಿಯ ಜನ ಕೊನೆಯವರೆಗೂ ಪಕ್ಕದಲ್ಲಿ ನಿಂತು ನೋಡಿ, ಆಮೇಲೆ ರಿಚರ್ಡ್ ಮೇಲೆ ಬಿದ್ದರು. ಅವರು ಯಾವ ಕಡೆ ಅಂತ ಮೊದಲೇ ಕೇಳಿದರೆ ದಾಳ ಹಾಕಿ ನೋಡಿ ಅನ್ನಿ.