ಸರ್ಕಾರದ ಒಪ್ಪಿಗೆ ಬೇರೆ, ಸ್ಟಾರ್ ಬೇರೆ

‘ಸರ್ಕಾರವೇ ಪಾಸ್ ಮಾಡಿದ ಕಾರಿಗೆ ಸುರಕ್ಷತೆಯಲ್ಲಿ ಕಡಿಮೆ ಸ್ಟಾರ್ ಹೇಗೆ ಬರುತ್ತದೆ?’ ಅಂತ ಲೇಖನದಲ್ಲಿ ಕೇಳಿದ್ದೀರಿ. ಸರ್, ಅವೆರಡೂ ಬೇರೆ ಬೇರೆ ಪರೀಕ್ಷೆ.

ಹೊಸ ಮಾಡೆಲ್ ಮಾರಬೇಕಾದರೆ 1989ರ ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ಅದರ ಮಾದರಿ ಗಾಡಿಯನ್ನು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ವಾಹನ ಪರೀಕ್ಷಾ ಸಂಸ್ಥೆಗೆ ಒಪ್ಪಿಸಲೇಬೇಕು. ಬ್ರೇಕ್, ಲೈಟು, ಸೀಟ್ ಬೆಲ್ಟ್ ಎಲ್ಲ ನೋಡುತ್ತಾರೆ. ಕಾರಾದರೆ ಗಂಟೆಗೆ 56 ಕಿ.ಮೀ. ವೇಗದಲ್ಲಿ ಮುಂಭಾಗದ ಒಂದು ಪಕ್ಕವನ್ನು ಗುದ್ದಿಸುತ್ತಾರೆ. ಪಾಸ್ ಇಲ್ಲವೇ ಫೇಲ್, ಅಷ್ಟೇ.

ಸ್ಟಾರ್ ಕೊಡುವುದು ಭಾರತ್ ಎನ್‌ಕ್ಯಾಪ್, ಅಂದರೆ ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಯನ್ನು ಅಳೆಯುವ ಯೋಜನೆ. 2023ರ ಅಕ್ಟೋಬರ್ 1ರಿಂದ ಶುರುವಾಗಿದೆ, ಕಡ್ಡಾಯ ಅಲ್ಲ. ಅಲ್ಲಿ ಗುದ್ದಿಸುವ ವೇಗ 64. ಬರೀ 8 ಕಿ.ಮೀ. ಜಾಸ್ತಿ ತಾನೇ ಅನ್ನಬೇಡಿ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕಂತೆ ಏರುತ್ತದೆ, ಅಂದರೆ ಸುಮಾರು ಶೇ 30ರಷ್ಟು ಹೆಚ್ಚು. ಕನಿಷ್ಠ ಮಟ್ಟ ದಾಟಿದ ಕಾರು ಇಲ್ಲಿ ಹಿಂದೆ ಬಿದ್ದರೆ ಆಶ್ಚರ್ಯವೇನಿಲ್ಲ.

ನನಗೆ ಚಿಂತೆ ಇರುವುದು ಮುಂದಿನ ಹಂತದ ಬಗ್ಗೆ. ಪರೀಕ್ಷೆಗೆ ಹೋದ ಗಾಡಿಯನ್ನು ಕಂಪನಿ ಜೋಪಾನವಾಗಿ ಕಟ್ಟಿರುತ್ತದೆ, ಅಲ್ವಾ? ನಾವು ಕೊಳ್ಳುವುದು ಕಾರ್ಖಾನೆಯಿಂದ ಸಾಲುಸಾಲಾಗಿ ಬರುವ ಗಾಡಿ. ಅದಕ್ಕೇ 126ಎ ನಿಯಮ ಇದೆ. ತಯಾರಾದ ಗಾಡಿಗಳಲ್ಲಿ ಕೆಲವನ್ನು ಆರಿಸಿ, ಅವೂ ನಿಯಮಕ್ಕೆ ತಕ್ಕಂತಿವೆಯಾ ಅಂತ ಪರೀಕ್ಷಾ ಸಂಸ್ಥೆಗಳು ನೋಡಬೇಕು. ಈ ಫಲಿತಾಂಶವನ್ನು ಮಾಡೆಲ್‌ವಾರು ಜನರ ಮುಂದೆ ಇಡಲೇಬೇಕು ಅನ್ನುವುದು ನನ್ನ ಒತ್ತಾಯ. ನಮ್ಮ ಮಕ್ಕಳು ಕೂರುವ ಗಾಡಿ ಇದು.

ಶೋರೂಮಿನವರು ಕೊಡುವ ಕಡತದಲ್ಲಿ ಫಾರಂ 22 ಇರುತ್ತದೆ. ಗಾಡಿ ನಿಯಮಕ್ಕೆ ತಕ್ಕಂತಿದೆ ಅಂತ ತಯಾರಕರು ಬರೆದುಕೊಡುವ ಪತ್ರ ಅದು. ಅದರಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿನ ನಂಬರಿನ ಜೊತೆ ತಾಳೆ ನೋಡಿ, ಆಮೇಲೆ ಸಹಿ ಮಾಡಿ.