ಗಜ ತೆಗೆದ್ಯಾ?

2023ರ ಡಿಸೆಂಬರ್. ರಾತ್ರಿ ಊಟಕ್ಕೆ ಅಕ್ಕಿ ರೊಟ್ಟಿ, ಅವರೆಕಾಳು ಸಾರು. ಎರಡನೇ ರೊಟ್ಟಿ ಮುರಿಯುತ್ತಿದ್ದಾಗ ಭಾವಮೈದನ ವಿಡಿಯೋ ಕಾಲ್ ಬಂತು. ಅವನು ಪೆನ್ಸಿಲ್ವೇನಿಯಾದಲ್ಲಿದ್ದಾನೆ, ಕಂಪ್ಯೂಟರ್ ಕೆಲಸ. ಮೂಡಿಗೆರೆಯಲ್ಲಿದ್ದಾಗ ಬೋನಿಗೆ ಬಿದ್ದ ಇಲಿಯನ್ನು ಹೊರಗೆ ಬಿಡೋಕೂ ಅಕ್ಕನನ್ನು ಕೂಗುತ್ತಿದ್ದ ಆಸಾಮಿ. ಈಗ ತನ್ನ ಗದ್ದದವರೆಗೆ ಬರುವ ಕೋವಿ ಹಿಡಿದುಕೊಂಡು ನಿಂತಿದ್ದ.

"ಭಾವ, ಜಿಂಕೆ ಶಿಕಾರಿಗೆ ಹೋಗ್ತಿದೀನಿ. ಇದು ನಳಿಗೆ ಬಾಯಿಂದ ಮದ್ದು ತುಂಬೋ ಕೋವಿ. ನಿಮ್ಮನೇಲೂ ಇದೇ ತರದ್ದು ಇದೆಯಲ್ವಾ, ಸ್ವಲ್ಪ ಹೇಳ್ಕೊಡಿ."

ನಾನು ಕೈ ತೊಳೆದುಕೊಂಡು ಬಂದು, ಜಗಲಿಯ ಕುರ್ಚಿಯಲ್ಲಿ ಕೂತೆ. ಹಿಂದಿನ ಗೋಡೆಯ ಕಡವೆ ಕೊಂಬು ಫೋನಿನಲ್ಲಿ ಕಾಣೋ ಹಾಗೆ ಸ್ವಲ್ಪ ಸರಿದು ಕೂತೆ ಅಂತಲೂ ಒಪ್ಪಿಕೊಳ್ಳುತ್ತೇನೆ. ಹೆಂಡತಿ ಒಳಗಿನಿಂದ, "ಅವ್ನಿಗೆ ಏನೇನೋ ಹೇಳ್ಬೇಡಿ" ಅಂದಳು. ಕೇಳಿಸಲಿಲ್ಲ ಅನ್ನೋ ಹಾಗೆ ಇದ್ದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಜನ್ಮದಲ್ಲಿ ಒಂದು ಜಿಂಕೆಗೂ ಗುರಿ ಇಟ್ಟವನಲ್ಲ. ನಾನು ಹುಟ್ಟುವ ಮೊದಲೇ, 1972ರಲ್ಲೇ ವನ್ಯಜೀವಿ ಕಾಯ್ದೆ ಬಂದಿತ್ತು. ನಮ್ಮ ಮನೆಯ ಕೇಪಿನ ಕೋವಿ ಇರೋದು ಬೆಳೆ ರಕ್ಷಣೆಗೆ. ತಮಾಷೆ ಅಲ್ಲ, 1959ರ ಆಯುಧ ಕಾಯ್ದೆಯಲ್ಲೇ ಹೀಗೆ ಬಾಯಿಂದ ತುಂಬೋ ಕೋವಿಯನ್ನು ಬೆಳೆ ಕಾಯೋದಕ್ಕೆ ಅಂತ ಬೇರೆಯಾಗಿ ಹೆಸರಿಸಿದ್ದಾರೆ. ನಮ್ಮಲ್ಲಿ ಬೆಳೆ ಕಾಯೋದು ಅಂದರೆ ಬಾಳೆಗೊನೆಗೆ ಬಂದ ಮಂಗಗಳು ಓಡಲಿ ಅಂತ ಆಕಾಶಕ್ಕೆ ಒಂದು ಖಾಲಿ ಈಡು ಹೊಡೆಯೋದು. ಮೊದಲ ವರ್ಷ ಮಂಗಗಳು ಓಡಿದವು. ಎರಡನೇ ವರ್ಷ ಪಕ್ಕದ ಮರಕ್ಕೆ ಹೋದವು. ಈಗ ನಾನು ಮದ್ದು ತುಂಬೋದನ್ನು ಮರಿಗಳ ಸಮೇತ ಕೂತು ನೋಡುತ್ತವೆ.

ನೋಡಲಿ, ತುಂಬೋದಕ್ಕೆ ಅಷ್ಟು ಹೊತ್ತು ಬೇಕೇ ಬೇಕು. ಮೊದಲು ನಳಿಗೆಯೊಳಗೆ ಅಳತೆ ಮಾಡಿ ಮದ್ದು ಸುರಿಯಬೇಕು. ಅದರ ಮೇಲೆ ತೆಂಗಿನ ನಾರು ಉಂಡೆ ಮಾಡಿ ಹಾಕಿ, ಗಜದಿಂದ, ಅಂದರೆ ನಳಿಗೆಯೊಳಗೆ ಇಳಿಸೋ ಉದ್ದನೆ ಕೋಲಿನಿಂದ, ಜಡಿಯಬೇಕು. ಚರೆ, ಅಂದರೆ ಸಣ್ಣ ಸಣ್ಣ ಗುಂಡು, ಹಾಕೋದಾದರೆ ಆಮೇಲೆ ಚರೆ, ಅದು ಉದುರದ ಹಾಗೆ ಮೇಲೆ ಇನ್ನೊಂದಿಷ್ಟು ನಾರು, ಮತ್ತೆ ಜಡಿಯೋದು. ಗಜ ಹೊರಗೆ ತೆಗೆದು, ಕುದುರೆ (ಒತ್ತಿದಾಗ ಸುತ್ತಿಗೆ ಹಾಗೆ ಬಡಿಯೋ ಭಾಗ) ಎಳೆದು, ಕಡೆಗೆ ಕೇಪು ಇಡಬೇಕು. ಕೇಪು ಅಂದರೆ ಕಡಲೆಕಾಳಿನಷ್ಟೂ ಇರದ ಒಂದು ತಾಮ್ರದ ಟೋಪಿ, ಒಳಗೆ ಪೆಟ್ಟು ಬಿದ್ದರೆ ಸಿಡಿಯೋ ಮದ್ದು. ಚಳಿಗಾಲದ ಬೆಳಗ್ಗೆ ಮರಗಟ್ಟಿದ ಬೆರಳಲ್ಲಿ ಅದನ್ನು ಹಿಡಿದು ನೋಡಿ. ನನ್ನ ಕೈಯಿಂದ ಜಾರಿ ಕಾಫಿ ಗಿಡದ ಬುಡ ಸೇರಿದ ಕೇಪುಗಳನ್ನೆಲ್ಲ ಗುಡ್ಡೆ ಹಾಕಿದರೆ ಒಂದು ದೀಪಾವಳಿ ಆಗುತ್ತೆ.

ಭಾವಮೈದನದ್ದು ಇದಕ್ಕಿಂತ ಹಳೇ ಕಾಲದ್ದು. ಚಕಮಕಿ ಕೋವಿ. ಕುದುರೆಯ ಬಾಯಲ್ಲಿ ಒಂದು ಚಕಮಕಿ ಕಲ್ಲು, ಅದು ಉಕ್ಕಿಗೆ ಉಜ್ಜಿ ಕಿಡಿ ಹಾರಬೇಕು, ಕಿಡಿ ಪಕ್ಕದ ಬಟ್ಟಲಿನ ನುಣ್ಣನೆ ಮದ್ದಿಗೆ ಬೀಳಬೇಕು, ಅಲ್ಲಿ ಭಗ್ ಅಂದ ಬೆಂಕಿ ಒಂದು ಸಣ್ಣ ತೂತಿನಿಂದ ಒಳಗೆ ನುಗ್ಗಿ ನಳಿಗೆಯ ಮದ್ದಿಗೆ ಹತ್ತಬೇಕು, ಆಮೇಲೆ ಈಡು. ಅಷ್ಟರಲ್ಲಿ ಜಿಂಕೆ ಸುಮ್ನೆ ನಿಂತಿರಬೇಕು. ಪೆನ್ಸಿಲ್ವೇನಿಯಾದಲ್ಲಿ 1974ರಿಂದ ಇದಕ್ಕೇ ಅಂತ ಶಿಕಾರಿ ದಿನಗಳು ಇವೆ, ಕ್ರಿಸ್‌ಮಸ್ ಮರುದಿನ ಶುರು. ಆಗ ಕೇಪು ಇಡೋ ಹಾಗಿಲ್ಲ, ಕಲ್ಲೇ ಆಗಬೇಕು ಅಂತ ಕಾನೂನು. ಅಂದರೆ ನಮ್ಮಜ್ಜನ ತುಕ್ಕು ಹಿಡಿದ ಕೋವಿ ಅಮೆರಿಕದ ಕೋವಿಗಿಂತ ಮಾಡರ್ನ್. ಈ ಮಾತನ್ನು ಹೆಂಡತಿಗೆ ಮೂರು ಸಲ ಹೇಳಿದೆ.

ಈ ಕಲ್ಲಿನ ಕೋವಿಯ ತೊಂದರೆಯಿಂದಲೇ ಕೇಪು ಹುಟ್ಟಿದ್ದು. ಸ್ಕಾಟ್ಲೆಂಡಿನ ಒಬ್ಬ ಪಾದ್ರಿ, ಅಲೆಕ್ಸಾಂಡರ್ ಫೋರ್ಸಿತ್ ಅಂತ, ಬಾತುಕೋಳಿ ಹೊಡೆಯೋ ಹುಚ್ಚಿನವನು. ಬಟ್ಟಲಿನ ಬೆಂಕಿ ಕಂಡ ತಕ್ಷಣ ಹಕ್ಕಿಗಳು ಹಾರಿ ಹೋಗುತ್ತಿದ್ದವು. ತಲೆಕೆಟ್ಟು ಕೂತು, ಪೆಟ್ಟು ಬಿದ್ದರೆ ಸಿಡಿಯೋ ಮದ್ದಿನ ಉಪಾಯ ಕಂಡುಹಿಡಿದು 1807ರಲ್ಲಿ ಪೇಟೆಂಟ್ ತಗೊಂಡ. ಅದರಿಂದಲೇ ಮುಂದೆ ಕೇಪು ಬಂದದ್ದು. ಹಕ್ಕಿ ಮೇಲಿನ ಸಿಟ್ಟಿಗೆ ಪ್ರಪಂಚದ ಕೋವಿಗಳೇ ಬದಲಾದವು. ನನಗೂ ಮಂಗಗಳ ಮೇಲೆ ಅಷ್ಟೇ ಸಿಟ್ಟಿದೆ, ಇಲ್ಲಿವರೆಗೆ ಏನೂ ಕಂಡುಹಿಡಿಯೋಕೆ ಆಗಿಲ್ಲ.

ನನ್ನ ಕೋವಿ ಅನುಭವ ಏನು ಅಂತ ಭಾವಮೈದ ಕೇಳಲಿಲ್ಲ. ಕೇಳಿದ್ದರೆ ಆಯುಧಪೂಜೆ ಕಥೆ ಹೇಳಬೇಕಾಗುತ್ತಿತ್ತು.

ನಮ್ಮ ಮನೆಯಲ್ಲಿ ಆಯುಧಪೂಜೆಗೆ ಕತ್ತಿ, ಹಾರೆ, ಸ್ಪ್ರೇ ಮೋಟರು, ಕಳೆ ಹೊಡೆಯೋ ಮೆಷೀನು ಎಲ್ಲದರ ಪಕ್ಕ ಕೋವಿಗೂ ಕುಂಕುಮ ಹೂವು ಇಡುತ್ತೇವೆ. ಪೂಜೆ ಆದ ಮೇಲೆ ಅಂಗಳದಲ್ಲಿ ಒಂದು ಖಾಲಿ ಈಡು. ಅಪ್ಪನಿಗೆ ಮಂಡಿ ನೋವು ಜಾಸ್ತಿಯಾದ ವರ್ಷ ಆ ಕೆಲಸ ನನಗೆ ಬಂತು. ನೆಂಟರೆಲ್ಲ ಜಗಲಿಯಲ್ಲಿ ನಿಂತಿದ್ದರು. ಮದ್ದು ಸುರಿದೆ, ನಾರು ಹಾಕಿದೆ, ಜಡಿದೆ. ಆ ಹೊತ್ತಿಗೆ ಸರಿಯಾಗಿ ಚಿಕ್ಕಪ್ಪ, "ಜೋರಾಗಿ ಜಡಿ ಮಾರಾಯ, ಉಪ್ಪಿಟ್ಟು ತಿಂದಿಲ್ವಾ" ಅಂದರು. ಇನ್ನೆರಡು ಸಲ ಜಡಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೇಪು ಇಟ್ಟೆ. ಮೇಲಕ್ಕೆ ಹಿಡಿದು ಹೊಡೆದೆ.

ಗಜ ನಳಿಗೆಯೊಳಗೇ ಇತ್ತು.

ಬಗನಿ ಮರದ ಗಜ ಅದು, ತುದಿಗೆ ಹಿತ್ತಾಳೆ ಕಟ್ಟು. ಅಜ್ಜ ಕೂತು ಕೆತ್ತಿದ್ದು. ಹೊಗೆ ಹರಿದ ಮೇಲೆ ಎಲ್ಲರೂ ಹುಡುಕಿದೆವು. ಕೋವಿಯನ್ನು ನಾನು ಆಕಾಶಕ್ಕೆ ಹಿಡಿದಿದ್ದೆ ಅಂದುಕೊಂಡಿದ್ದೆ, ಆದರೆ ಬಚ್ಚಲುಮನೆ ಮೇಲಿನ ನೀರಿನ ಟ್ಯಾಂಕಿಗೆ ಹಿಡಿದಿದ್ದೆ. ಗಜ ಟ್ಯಾಂಕಿನ ಹೊಟ್ಟೆಯಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ನಾಟಿಕೊಂಡಿತ್ತು. ವಿಚಿತ್ರ ಅಂದರೆ ಒಂದು ಹನಿ ನೀರೂ ಸೋರುತ್ತಿರಲಿಲ್ಲ. ಬಿರಡೆ ಹಾಕಿದ ಹಾಗೆ ಅಷ್ಟು ಕರಾರುವಾಕ್ಕಾಗಿ ಕೂತಿತ್ತು. ಅವ್ವ ಕೆಳಗಿನಿಂದ, "ಎಳೀಬೇಡ ಕಣೋ, ಇರ್ಲಿ ಬಿಡು" ಅಂತ ಕೂಗಿದಳು. ಅಷ್ಟು ಜನರ ಮುಂದೆ ಅಜ್ಜನ ಗಜ ಹಾಗೆ ಬಿಟ್ಟು ಇಳಿಯೋಕೆ ಆಗುತ್ತಾ? ಏಣಿ ಹತ್ತಿ ಎಳೆದೆ. 500 ಲೀಟರ್ ನೀರಿನಲ್ಲಿ ಹೆಚ್ಚುಕಡಿಮೆ ಅರ್ಧ ನನ್ನ ಎದೆಗೆ, ಉಳಿದದ್ದು ಕೆಳಗೆ ಪೂಜೆ ಮಾಡಿಸಿಕೊಂಡು ನಿಂತಿದ್ದ ಚಿಕ್ಕಪ್ಪನ ಸ್ಕೂಟರಿಗೆ. ಕುಂಕುಮ, ಅರಿಶಿನ, ಹೂವು ಎಲ್ಲ ತೊಳೆದು ಹೋಯಿತು. ಅವತ್ತಿನಿಂದ ನಾನು ಮನೆಯಿಂದ ಹೊರಡುವಾಗಲೆಲ್ಲ, ಕೋವಿ ಇರಲಿ ಬಿಡಲಿ, ಬ್ಯಾಂಕಿಗೆ ಹೊರಟರೂ ಸರಿ, ಅವ್ವ ಕೇಳೋದು ಒಂದೇ: "ಗಜ ತೆಗೆದ್ಯಾ?"

ಇನ್ನು ಚುನಾವಣೆ ಬಂದರೆ ಕೋವಿಯನ್ನು ಠಾಣೆಯಲ್ಲಿ ಇಡಬೇಕು. ನಮ್ಮ ಕಡೆಯವರಿಗೆಲ್ಲ ಈ ಓಡಾಟ ಗೊತ್ತು. 2023ರ ಮೇ ತಿಂಗಳ ವಿಧಾನಸಭೆ ಚುನಾವಣೆಗೆ ಇಟ್ಟಿದ್ದು, ಮಳೆ ಹಿಡಿದ ಮೇಲೆ ಹೋಗಿ ತಂದೆ. ಗಜ ಇಳಿಸಿ ನೋಡಿದರೆ ಮುಕ್ಕಾಲು ಅಡಿಗೇ ನಿಂತುಬಿಟ್ಟಿತು. ಯಾರಾದರೂ ತುಂಬಿ ಇಟ್ಟಿದ್ದಾರಾ ಅಂತ ಕೈಕಾಲು ತಣ್ಣಗಾಯಿತು. ಕೇಪು ಇರಲಿಲ್ಲ. ನಿಧಾನವಾಗಿ ಕಡ್ಡಿ ಹಾಕಿ ಕೆದಕಿದರೆ ಉದುರಿದ್ದು ಮಣ್ಣು. ಕಡಜ ಗೂಡು ಕಟ್ಟಿತ್ತು. ಒಂದರ ಹಿಂದೆ ಒಂದು ಮಣ್ಣಿನ ಕೋಣೆ, ಪ್ರತಿ ಕೋಣೆಯಲ್ಲೂ ಮರಿಗೆ ಊಟ ಅಂತ ಸಣ್ಣ ಸಣ್ಣ ಜೇಡ ತುರುಕಿ, ಬಾಗಿಲಿಗೆ ನುಣ್ಣಗೆ ಮಣ್ಣು ಮೆತ್ತಿ ಮುಚ್ಚಿತ್ತು. ನಾರು ಹಾಕಿ ಜಡಿಯೋದರಲ್ಲಿ ನನಗಿಂತ ಅದೇ ವಾಸಿ. ನೋಡದೆ ಈಡು ಹೊಡೆದಿದ್ದರೆ ನಳಿಗೆ ಸೀಳಿ ಮುಖಕ್ಕೆ ಬರುತ್ತಿತ್ತು. ಅದನ್ನು ನೆನೆದರೆ ಈಗಲೂ ನಗು ಬರಲ್ಲ.

ಇಷ್ಟು ಅನುಭವದ ಮೇಲೆ ನಾನು ಭಾವಮೈದನಿಗೆ ಮುಕ್ಕಾಲು ಗಂಟೆ ಪಾಠ ಮಾಡಿದೆ. ಅಜ್ಜನ ಕಥೆಯನ್ನೂ ಹೇಳಿದೆ. 1968ರಲ್ಲಿ ಅಜ್ಜ ದೇವರಮನೆ ಗುಡ್ಡದ ಕೆಳಗೆ ಇದೇ ಕೋವಿಯಿಂದ ಒಂದೇ ಈಡಿಗೆ ಕಡವೆ ಕೆಡವಿದ್ದು. ಅಜ್ಜ ಹೇಳುವಾಗ ಕಡವೆ ಇಪ್ಪತ್ತು ಮಾರು ದೂರ ಇತ್ತಂತೆ. ಅಪ್ಪನ ಬಾಯಲ್ಲಿ ಮೂವತ್ತಾಯಿತು. ಚಿಕ್ಕಪ್ಪ ನಲವತ್ತು ಮಾಡಿದರು. ನಾನು ಭಾವಮೈದನಿಗೆ ಐವತ್ತು ಅಂದೆ. ಸಾಕ್ಷಿಗೆ ಹಿಂದೆ ಗೋಡೆಯ ಮೇಲೆ ಕೊಂಬುಗಳು ಇದ್ದವಲ್ಲ. ಎರಡೂ ಒಂದೇ ಕಡೆಗೆ ವಾಲಿದ ಹಾಗೆ ಕಾಣುತ್ತವೆ, ಗೋಡೆ ಸೊಟ್ಟ ಇರೋದಕ್ಕೆ ಹಾಗೆ ಅಂತ ಅಜ್ಜ ಹೇಳುತ್ತಿದ್ದರು. ನಾವು ಒಂದಕ್ಕೆ ಛತ್ರಿ, ಇನ್ನೊಂದಕ್ಕೆ ರೈನ್‌ಕೋಟು ನೇತು ಹಾಕುತ್ತೇವೆ.

ಕಡೆಗೆ ಅವನು ಕೇಳಿದ್ದು, "ಮದ್ದು ತಂಪು ಹಿಡಿಯದ ಹಾಗೆ ಏನ್ಮಾಡ್ಬೇಕು ಭಾವ?"

ಇದು ನನ್ನ ಸಬ್ಜೆಕ್ಟು. ಕರಿ ಮದ್ದಿಗೆ ತೇವ ಅಂದರೆ ಆಗಲ್ಲ. ನಮ್ಮ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತೆ, ಮದ್ದು ಎಷ್ಟರದ್ದು. "ನಮ್ಮಜ್ಜ ಕೋವಿಯನ್ನ ಒಲೆ ಮೇಲಿನ ಅಟ್ಟದಲ್ಲಿ ಇಡ್ತಿದ್ರು ಮಾರಾಯ. ನೀನೂ ರಾತ್ರಿ ಬೆಚ್ಚಗಿನ ಜಾಗದಲ್ಲಿಡು" ಅಂದೆ. ತುಂಬಿದ ಕೋವಿಯನ್ನು ಅಜ್ಜ ಮನೆಯೊಳಗೆ ತರುತ್ತಲೇ ಇರಲಿಲ್ಲ ಅನ್ನೋದನ್ನು ಹೇಳೋಕೆ ಮರೆತೆ. ಅವ್ವ ಹಿಂದಿನಿಂದ, "ಗಜ ತೆಗಿಯಕ್ಕೆ ಹೇಳು" ಅಂದಳು. ಅದನ್ನು ಹೇಳಿದೆ.

ಶಿಕಾರಿ ಶುರುವಾದ ಎರಡನೇ ದಿನ, ನಮಗೆ ಸಂಜೆ ಏಳೂವರೆ, ಅವನಿಗೆ ಬೆಳಗ್ಗೆ ಒಂಬತ್ತು. ಕಾಲ್ ಬಂತು. ಹಿಂದೆ ಎಲೆ ಉದುರಿದ ಕಾಡು, ಮುಂದೆ ಮೂಗು ಕೆಂಪಾದ ಭಾವಮೈದ.

ಆಗಿದ್ದು ಇಷ್ಟು. ಹಿಂದಿನ ದಿನ ಪೂರ್ತಿ ಕೋವಿ ತುಂಬಿಕೊಂಡು ಕೊರೆಯೋ ಚಳಿಯಲ್ಲಿ ಕೂತಿದ್ದಾನೆ, ಏನೂ ಬಂದಿಲ್ಲ. ಸಂಜೆ ಬಟ್ಟಲಿನ ಮದ್ದು ಮಾತ್ರ ಒರೆಸಿ, ನಳಿಗೆಯೊಳಗಿನದ್ದು ಹಾಗೇ ಬಿಟ್ಟು ಮನೆಗೆ ತಂದು, ನನ್ನ ಮಾತಿನಂತೆ ಹೀಟರ್ ಪಕ್ಕ ನಿಲ್ಲಿಸಿದ್ದಾನೆ. ಹೆಪ್ಪುಗಟ್ಟುವಷ್ಟು ತಣ್ಣಗಿದ್ದ ಕಬ್ಬಿಣ ಬಿಸಿ ಮನೆಗೆ ಬಂದರೆ ಬೆವರುತ್ತೆ, ಕನ್ನಡಕ ಹಾಕಿಕೊಂಡು ಕುದಿಯೋ ಸಾರು ಬಗ್ಗಿ ನೋಡಿದ ಹಾಗೆ. ಒಳಗೂ ಹೊರಗೂ ನೀರು. ಮದ್ದು ಅದನ್ನೆಲ್ಲ ಕುಡಿದುಬಿಟ್ಟಿದೆ. ಅಲ್ಲಿಯ ಶಿಕಾರಿಯವರು ಚಳಿಗಾಲದಲ್ಲಿ ಕೋವಿಯನ್ನು ತಣ್ಣನೆ ಜಾಗದಲ್ಲೇ ಇಡೋದಂತೆ. ಅದು ಅವನಿಗೆ ಆಮೇಲೆ ಗೊತ್ತಾಗಿದ್ದು.

ಬೆಳಗ್ಗೆ ಜಿಂಕೆ ಬಂತು. ನಲವತ್ತು ಹೆಜ್ಜೆ ದೂರ, ಪಕ್ಕೆ ತೋರಿಸಿಕೊಂಡು ನಿಂತಿತು. ಇವನು ಗುರಿ ಹಿಡಿದ, ಒತ್ತಿದ. ಕಲ್ಲು ಉಜ್ಜಿತು, ಬಟ್ಟಲಲ್ಲಿ ಭಗ್ ಅಂತ ಬೆಂಕಿ ಎದ್ದಿತು, ಹೊಗೆ ಬಂತು. ಅಷ್ಟೇ. ಕೆಲವೊಮ್ಮೆ ಒಳಗಿನ ಮದ್ದು ತಡವಾಗಿ ಹತ್ತಬಹುದು, ಅದಕ್ಕೆ ಕೋವಿ ಅಲುಗಿಸದೆ ಒಂದು ನಿಮಿಷ ಹಾಗೇ ಹಿಡಿದಿರಬೇಕು. ಇದನ್ನು ಪಾಪ ಸರಿಯಾಗಿ ಮಾಡಿದ್ದಾನೆ. ಆ ಒಂದು ನಿಮಿಷ ಜಿಂಕೆಯೂ ಇವನನ್ನೇ ನೋಡುತ್ತಿತ್ತಂತೆ. ಆಮೇಲೆ ತಿರುಗಿ, ಬಾಲ ಮೇಲೆತ್ತಿ ಹೋಯಿತು. ಅಲ್ಲಿಯ ಜಿಂಕೆಗೆ ಬಾಲದ ಕೆಳಗೆ ಪೂರ್ತಿ ಬಿಳಿ, ಓಡುವಾಗ ಎತ್ತುತ್ತೆ. "ಕರ್ಚೀಫ್ ಬೀಸಿ ಟಾಟಾ ಮಾಡ್ದಂಗಿತ್ತು ಭಾವ" ಅಂದ.

"ಜೊತೇಲಿ ಒಬ್ರು ವಯಸ್ಸಾದವ್ರು ಇದ್ರು. ಹೀಟರ್ ಪಕ್ಕ ಇಡು ಅಂತ ಯಾರು ಹೇಳಿದ್ದು ಅಂತ ಕೇಳಿದ್ರು."

"ಏನಂದೆ?"

"ನಮ್ಮ ಭಾವ, ದೊಡ್ಡ ಶಿಕಾರಿ ಮನೆತನದವ್ರು ಅಂದೆ."

ಫೋನಿಟ್ಟ ಮೇಲೆ ಹೆಂಡತಿ ಎರಡು ದಿನ ಮಾತಾಡಲಿಲ್ಲ.

ಇದಾದ ಸ್ವಲ್ಪ ದಿನಕ್ಕೆ ಇನ್ನೊಂದು. ಆ ವರ್ಷ ಅಕ್ಟೋಬರಿನಲ್ಲಿ ರಾಜ್ಯದಲ್ಲೆಲ್ಲ ಹುಲಿ ಉಗುರಿನ ಗಲಾಟೆ ಎದ್ದಿತ್ತಲ್ಲ, ಕುತ್ತಿಗೆಯ ಪೆಂಡೆಂಟುಗಳೆಲ್ಲ ರಾತ್ರೋರಾತ್ರಿ ಮಾಯವಾಗಿದ್ದು. 2024ರ ಶುರುವಿನಲ್ಲಿ, ಮನೆಯಲ್ಲಿರೋ ಕೊಂಬು, ಚರ್ಮ, ಉಗುರು ತಂದು ಒಪ್ಪಿಸಿ ಅಂತ ಸರ್ಕಾರ ಒಂದು ಅವಕಾಶ ಕೊಟ್ಟಿತು. ಅಪ್ಪನಿಗೆ ನಿದ್ದೆ ಹೋಯಿತು. "ನಮ್ಮದಕ್ಕೆ ಕಾಗದ ಪತ್ರ ಏನೂ ಇಲ್ಲ, ಕೊಟ್ಟು ಬಾ" ಅಂದರು. ಛತ್ರಿ ರೈನ್‌ಕೋಟು ತೆಗೆದು, ಕೊಂಬುಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೊರಟೆ. ಬಾಗಿಲಲ್ಲಿ ಅವ್ವ ಕೇಳಿದಳು. "ತೆಗ್ದಿದೀನಿ" ಅಂದೆ.

ಅರಣ್ಯ ಇಲಾಖೆ ಆಫೀಸಿನಲ್ಲಿದ್ದ ಗಾರ್ಡು ಕೊಂಬು ಎತ್ತಿ ತಿರುಗಿಸಿ ಬುಡ ನೋಡಿದ. ನಾನು ಗಂಭೀರವಾಗಿ, "ನಮ್ಮಜ್ಜ ಹೊಡೆದಿದ್ದು, 68ರಲ್ಲಿ" ಅಂದೆ. ಅವನು ನನ್ನ ಮುಖ ನೋಡಿದ. ಇನ್ನೊಂದು ಕೊಂಬು ಎತ್ತಿ ಅದರ ಬುಡಾನೂ ನೋಡಿದ.

"ಹೊಡೆದಿದ್ದಾದ್ರೆ ಬುರುಡೆ ಚೂರು ಇರ್ಬೇಕಿತ್ತಲ್ವಾ ಸರ್. ಇದು ತಾನಾಗೇ ಉದುರಿದ್ದು. ಗಂಡು ಕಡವೆ ಕೊಂಬು ಉದುರಿ ಮತ್ತೆ ಹೊಸದು ಬರತ್ತೆ, ಕಾಡಲ್ಲಿ ಬಿದ್ದಿರ್ತವೆ." ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. "ಅಲ್ಲದೆ ಎರಡೂ ಎಡಗಡೇದು."

ನಾನೂ ನೋಡಿದೆ. ಹೌದು, ಎರಡೂ ಎಡಗಡೆಯದು. ಐವತ್ತೈದು ವರ್ಷ ಗೋಡೆ ಮೇಲೆ ಎರಡು ಎಡಗೊಂಬು ನೇತಾಡಿಕೊಂಡು, ಒಂದು ಮನೆತನ ಅದರ ಕೆಳಗೆ ಕೂತು ಎದೆ ಉಬ್ಬಿಸಿದೆ. ನಮ್ಮ ಗೋಡೆ ನೆಟ್ಟಗೇ ಇತ್ತು.

ಸಹಿ ಮಾಡಿ ಬಂದೆ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿಂದೆ. ಎಷ್ಟು ತಿಂದೆ ಅಂತ ಲೆಕ್ಕ ಇಡಲಿಲ್ಲ. ಮನೆಯಲ್ಲಿ ಅಪ್ಪ, "ಏನಂದ್ರು?" ಅಂದರು. "ಏನಿಲ್ಲ, ಒಳ್ಳೇ ಕೊಂಬು ಅಂದ್ರು" ಅಂದೆ. ಅಪ್ಪ ಖಾಲಿ ಗೋಡೆಯನ್ನು ನೋಡುತ್ತಾ ಕೂತರು.

ಆ ಭಾನುವಾರ ಭಾವಮೈದನ ಕಾಲ್. ಪಕ್ಕದಲ್ಲಿ ಬಿಳಿ ಗಡ್ಡದ ಆ ವಯಸ್ಸಾದವರು, ಕೈಯಲ್ಲಿ ಕಾಫಿ ಕಪ್ಪು. "ಭಾವ, ಇವ್ರಿಗೆ ನಿಮ್ಮಜ್ಜ ಕಡವೆ ಹೊಡೆದ ಕಥೆ ಕೇಳ್ಬೇಕಂತೆ. ನೀವು ಹೇಳಿ, ನಾನು ಇಂಗ್ಲಿಷಲ್ಲಿ ಹೇಳ್ತೀನಿ."

ಹಿಂದೆ ಗೋಡೆಯಲ್ಲಿ ಎರಡು ಮೊಳೆ ಮಾತ್ರ ಇದ್ದವು. ಅಡುಗೆಮನೆ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು.

ಹೇಳಿದೆ. ಈ ಸಲ ಕಡವೆ ಅರವತ್ತು ಮಾರು ದೂರದಲ್ಲಿತ್ತು.