ಆಫ್ ಮಾಡಬೇಡಿ ಅಂತ ಹೇಳ್ತಿದ್ದಾಳೆ ಕಣೇ!

ಪ್ರತಿ ಮನೆತನದಲ್ಲೂ ಕಂಪ್ಯೂಟರ್ ಗೊತ್ತಿರುವವರು ಅಂತ ಒಬ್ಬರು ಇರುತ್ತಾರೆ. ಅವರಿಗೆ ಕಂಪ್ಯೂಟರ್ ಗೊತ್ತಿರಲೇಬೇಕು ಅಂತೇನಿಲ್ಲ. ಎಂದೋ ಒಮ್ಮೆ ಯಾರದೋ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಎಳೆದು ತೆಗೆದಿದ್ದರೆ ಸಾಕು, ಪದವಿ ತಾನಾಗಿ ಬರುತ್ತದೆ. ನಮ್ಮ ಕಡೆ ಆ ಪದವಿ ನನ್ನದು. ರಾಜೀನಾಮೆ ಕೊಡಲು ಅವಕಾಶವಿಲ್ಲ.

ಈ ಕೆಲಸದಲ್ಲಿ ರಿಪೇರಿ ಕಷ್ಟವಲ್ಲ. ಆಗಿರುವುದೇನು ಅಂತ ಫೋನಿನಲ್ಲಿ ತಿಳಿದುಕೊಳ್ಳೋದು ಕಷ್ಟ.

"ಏನೇ, ಕಂಪ್ಯೂಟರ್ ಹೋಯ್ತು."

"ಆನ್ ಆಗ್ತಿಲ್ವಾ?"

"ಆನ್ ಆಗಿದೆ."

"ಮತ್ತೇನು?"

"ಡಬ್ಬಿ ತರ ಒಂದು ಬಂತು. ಓಕೆ ಒತ್ತಿದೆ. ಹೋಯ್ತು."

"ಅದರಲ್ಲಿ ಏನು ಬರೆದಿತ್ತು?"

"ಓದೋದೆಲ್ಲಿ ಬಂತು, ಒತ್ತಿಬಿಟ್ಟೆನಲ್ಲ!"

ವರ್ಷಗಟ್ಟಲೆ ಈ ಉಸಾಬರಿ ಮಾಡಿದ ಮೇಲೆ ನನಗೊಂದು ನಂಬಿಕೆ ಗಟ್ಟಿಯಾಗಿದೆ. ಕಂಪ್ಯೂಟರಿಗೆ ನಿಜವಾಗಿ ಏನಾದರೂ ಆದಾಗ ಅದು ಸಾಮಾನ್ಯವಾಗಿ ಸುಮ್ನಿರುತ್ತದೆ. ಬಾಯಿ ಬಡಿದುಕೊಳ್ಳುತ್ತಿದೆ ಅಂದರೆ ಅದಕ್ಕೇನೂ ಆಗಿಲ್ಲ, ಯಾರೋ ನಿಮ್ಮನ್ನು ಹೆದರಿಸುತ್ತಿದ್ದಾರೆ.

ಚಿಕ್ಕಪ್ಪನದೇ ತೆಗೆದುಕೊಳ್ಳಿ. "ಬೇಗ ಬಾ, ಕಂಪ್ಯೂಟರ್ ಕೂಗ್ತಿದೆ" ಅಂತ ಫೋನ್ ಬಂತು. ಹೋಗಿ ನೋಡಿದರೆ ಸ್ಪೀಕರಿನ ಮೇಲೆ ಎರಡು ದಿಂಬು. ದಿಂಬಿನ ಕೆಳಗಿಂದ ಸೈರನ್. ಪರದೆ ಪೂರ್ತಿ ಕೆಂಪು. ಒಬ್ಬಾಕೆ ಇಂಗ್ಲಿಷಿನಲ್ಲಿ, ಒಂದಿಷ್ಟೂ ಉಸಿರು ಬಿಡದೆ, ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಆಫ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಅನ್ನುತ್ತಿದ್ದಾಳೆ. ಚಿಕ್ಕಪ್ಪ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಅಲ್ಲಾಡದೆ ಕೂತಿದ್ದರು.

"ಸ್ವಿಚ್ ಆಫ್ ಮಾಡಬಾರದಿತ್ತಾ ಚಿಕ್ಕಪ್ಪಾ?"

"ಆಫ್ ಮಾಡಬೇಡಿ ಅಂತ ಹೇಳ್ತಿದ್ದಾಳೆ ಕಣೇ!"

ಚಿಕ್ಕಮ್ಮ ಬಾಗಿಲಲ್ಲಿ ನಿಂತು, "ನಾನು ಹೇಳಿದ್ದನ್ನ ಒಂದಿನಾನೂ ಇಷ್ಟು ಶ್ರದ್ಧೆಯಿಂದ ಕೇಳಿಲ್ಲ" ಎಂದರು.

ಅದು ಬರೀ ಒಂದು ವೆಬ್ ಪುಟ. ಸೈರನ್ ಒಂದು ಆಡಿಯೋ ಫೈಲು. ಪುಟ ಇಡೀ ಪರದೆಯನ್ನು ಆವರಿಸಿಕೊಂಡಿರುವುದರಿಂದ ಮೇಲಿನ ಮೂಲೆಯ ಇಂಟು ಗುರುತು ಕಾಣೋದಿಲ್ಲ, ಅಷ್ಟೇ. ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ, ಅಥವಾ ಎಫ್ 11 ಒತ್ತಿದರೆ, ಪುಟ ಕುಗ್ಗುತ್ತದೆ. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಬ್ರೌಸರನ್ನು ಆರಿಸಿ ಎಂಡ್ ಟಾಸ್ಕ್ ಕೊಟ್ಟರೆ ಆಕೆ ಮಾತಿನ ನಡುವೆಯೇ ನಿಲ್ಲುತ್ತಾಳೆ. ಮತ್ತೆ ಬ್ರೌಸರ್ ತೆರೆದಾಗ "ಹಳೇ ಪುಟಗಳನ್ನು ಮತ್ತೆ ತೋರಿಸಲೇ?" ಅಂತ ಬಹಳ ವಿನಯದಿಂದ ಕೇಳುತ್ತದೆ. ಬೇಡ ಅನ್ನಬೇಕು. ಚಿಕ್ಕಪ್ಪ ಹೂಂ ಅಂದರು. ದಿಂಬುಗಳನ್ನು ಮತ್ತೆ ತರಬೇಕಾಯಿತು.

ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಕಂಡರೆ ಅಲ್ಲಿಗೇ ಗೊತ್ತಾಗಬೇಕು. ಫೋನ್ ಮಾಡಿದರೆ ಆ ಕಡೆಯಿಂದ ತುಂಬಾ ಸಭ್ಯಸ್ಥರೊಬ್ಬರು ಮಾತಾಡುತ್ತಾರೆ. ನಿಮ್ಮ ಕಂಪ್ಯೂಟರನ್ನು ದೂರದಿಂದ ನೋಡಲು ಒಂದು ತಂತ್ರಾಂಶ ಹಾಕಿಸುತ್ತಾರೆ. ಆಮೇಲೆ ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಡುವ ದಿನಚರಿಯಾದ ಇವೆಂಟ್ ವ್ಯೂವರ್ ತೆರೆದು, ನೋಡಿ ಎಷ್ಟೊಂದು ಕೆಂಪು ಗುರುತು, ಎಷ್ಟೊಂದು ಹಳದಿ ಗುರುತು ಅಂತ ಲೊಚಗುಟ್ಟುತ್ತಾರೆ. ಆ ಗುರುತುಗಳು ಯಾವ ಆರೋಗ್ಯವಂತ ಕಂಪ್ಯೂಟರಿನಲ್ಲೂ ಇರುತ್ತವೆ. ಇಂಥ ಹೊತ್ತಿಗೆ ಇಂಥ ಸರ್ವಿಸ್ ಶುರುವಾಗಲು ತಡವಾಯಿತು ಎಂಬಂಥ ಚಿಲ್ಲರೆ ದೂರುಗಳು. ಅದನ್ನು ತೋರಿಸಿಯೇ ಅವರು ದುಡ್ಡು ಕೀಳುವುದು.

ಸೈರನ್ ನಿಂತರೂ ಚಿಕ್ಕಪ್ಪನ ಪರದೆಯ ಬಲ ಮೂಲೆಯಲ್ಲಿ ಐದೈದು ನಿಮಿಷಕ್ಕೊಂದು ಚೀಟಿ ಏಳುತ್ತಿತ್ತು. ನಿಮ್ಮಲ್ಲಿ ವೈರಸ್ ಇದೆ, ಇಲ್ಲಿ ಒತ್ತಿ. ನಿಮ್ಮ ಆ್ಯಂಟಿವೈರಸ್ ಅವಧಿ ಮುಗಿದಿದೆ, ಅಲ್ಲಿ ಒತ್ತಿ. ಇದೂ ವೈರಸ್ ಅಲ್ಲ. ಯಾವುದೋ ಪುಟ "ನೀವು ರೋಬಾಟ್ ಅಲ್ಲದಿದ್ದರೆ ಅಲೋ ಒತ್ತಿ" ಎಂದಿತ್ತು. ಒತ್ತಿದ್ದಕ್ಕೆ ಆ ಪುಟಕ್ಕೆ ನೋಟಿಫಿಕೇಶನ್ ಕಳಿಸುವ ಅನುಮತಿ ಸಿಕ್ಕಿಬಿಟ್ಟಿತ್ತು.

"ಯಾಕೆ ಒತ್ತಿದ್ರಿ?"

"ನಾನು ರೋಬಾಟ್ ಅಲ್ವಲ್ಲ!"

ತರ್ಕದಲ್ಲಿ ತಪ್ಪಿಲ್ಲ. ಬ್ರೌಸರಿನ ಸೆಟ್ಟಿಂಗ್ಸ್, ಅದರಲ್ಲಿ ಪ್ರೈವಸಿ, ಅದರಲ್ಲಿ ಸೈಟ್ ಸೆಟ್ಟಿಂಗ್ಸ್, ಅದರಲ್ಲಿ ನೋಟಿಫಿಕೇಶನ್ಸ್. ಅಲ್ಲಿ ಅನುಮತಿ ಪಡೆದವರ ಪಟ್ಟಿ ಇರುತ್ತದೆ. ನಾಲಿಗೆ ಹೊರಳದ ಹೆಸರಿನ ಸೈಟುಗಳನ್ನೆಲ್ಲ ಒಂದೊಂದಾಗಿ ಕಿತ್ತು ಹಾಕಿದೆ. ಚೀಟಿಗಳು ನಿಂತವು.

ರೋಬಾಟ್ ಪರೀಕ್ಷೆಯದೇ ಇನ್ನೊಂದು ಅವತಾರ ಈಚೆಗೆ ಬಂದಿದೆ, ಅದು ಮಾತ್ರ ತಮಾಷೆಯಲ್ಲ. ನೀವು ಮನುಷ್ಯರೇ ಎಂದು ತೋರಿಸಲು ವಿಂಡೋಸ್ ಕೀಲಿ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್ ಅನ್ನುತ್ತದೆ. ಅಷ್ಟರಲ್ಲಿ ಆ ಪುಟ ಒಂದು ಆಜ್ಞೆಯನ್ನು ಸದ್ದಿಲ್ಲದೆ ನಿಮ್ಮ ಕ್ಲಿಪ್‌ಬೋರ್ಡಿಗೆ ಕಾಪಿ ಮಾಡಿರುತ್ತದೆ. ನೀವು ಅದನ್ನು ನಿಮ್ಮ ಕೈಯಾರೆ ಅಂಟಿಸಿ, ನಿಮ್ಮ ಕೈಯಾರೆ ಓಡಿಸುತ್ತೀರಿ. ಯಜಮಾನರೇ ಕೊಟ್ಟ ಅಪ್ಪಣೆಯನ್ನು ಕಂಪ್ಯೂಟರ್ ಯಾಕೆ ತಡೆಯುತ್ತದೆ? ಯಾವ ಅಸಲಿ ರೋಬಾಟ್ ಪರೀಕ್ಷೆಯೂ ಬ್ರೌಸರಿನ ಹೊರಗೆ ಹೋಗಿ ಕೀಲಿ ಒತ್ತಿ ಅನ್ನೋದಿಲ್ಲ. ಟ್ರಾಫಿಕ್ ಲೈಟು ತೋರಿಸಿ, ಬಸ್ಸು ತೋರಿಸಿ ಅಂತ ಪೀಡಿಸುತ್ತದೆ, ನಿಜ. ಆದರೆ ಅದರ ಪೀಡೆ ಅಷ್ಟಕ್ಕೇ ಮುಗಿಯುತ್ತದೆ.

ಇನ್ನು ಸುಮ್ನಿರುವ ಕಾಯಿಲೆಗಳು. ದೊಡ್ಡಮ್ಮನ ಕಂಪ್ಯೂಟರಿನಲ್ಲಿ ಒಂದು ಬೆಳಿಗ್ಗೆ ಯಾವ ಸೈಟೂ ತೆರೆಯಲಿಲ್ಲ. ಪೇಪರ್ ಓದುವ ಸೈಟು, ಬ್ಯಾಂಕಿನ ಸೈಟು, ಮೇಲ್, ಎಲ್ಲದರಲ್ಲೂ "ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ" ಎಂಬ ಒಂದೇ ಪುಟ. "ಎಲ್ಲರೂ ಸೇರಿ ನನ್ನ ಮೇಲೆ ಬಿದ್ದಿದ್ದಾರೆ" ಅಂದರು ದೊಡ್ಡಮ್ಮ. ಇಂಟರ್ನೆಟ್ ಸರಿಯಾಗಿತ್ತು. ಮೋಡೆಮ್ ಸರಿಯಾಗಿತ್ತು. ಕೊನೆಗೆ ಪರದೆಯ ಕೆಳಮೂಲೆ ನೋಡಿದರೆ ಇಸವಿ 2009.

ಪ್ರತಿ ಸುರಕ್ಷಿತ ಸೈಟಿಗೂ ಒಂದು ಪ್ರಮಾಣಪತ್ರ ಇರುತ್ತದೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. 2009ರಲ್ಲಿ ಕೂತ ಕಂಪ್ಯೂಟರಿಗೆ ಈಗಿನ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟೇ ಇಲ್ಲ. ಹಾಗಾಗಿ ಯಾರನ್ನೂ ನಂಬೋದಿಲ್ಲ. ಇಷ್ಟಕ್ಕೆಲ್ಲ ಕಾರಣ ಮದರ್‌ಬೋರ್ಡಿನ ಮೇಲೆ ಕೂತಿರುವ ಒಂದು ಗುಂಡು ಬ್ಯಾಟರಿ. ಡೆಸ್ಕ್‌ಟಾಪುಗಳಲ್ಲಿ ಸಾಮಾನ್ಯವಾಗಿ ಸಿಆರ್ 2032. ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, 3 ವೋಲ್ಟ್. ಕರೆಂಟು ತೆಗೆದಾಗ ಗಡಿಯಾರವನ್ನು ನಡೆಸೋದು ಅದೇ. ಅದು ಸತ್ತಾಗ ಯಾರಿಗೂ ಹೇಳೋದಿಲ್ಲ. ತಾರೀಕು ಸರಿ ಮಾಡಿದರೆ ಅವತ್ತಿಗೆ ಎಲ್ಲ ಸರಿಹೋಗುತ್ತದೆ. ಪ್ಲಗ್ ಕಿತ್ತಿಟ್ಟರೆ ಬೆಳಿಗ್ಗೆ ಮತ್ತೆ 2009. ಬ್ಯಾಟರಿ ಬದಲಾಯಿಸುವುದು ಎರಡು ನಿಮಿಷದ ಕೆಲಸ. ಅದರ ಪಕ್ಕದ ಸಣ್ಣ ಕೊಂಡಿಯನ್ನು ಸರಿಸಿದರೆ ತಾನೇ ಪುಟಕ್ಕನೆ ಮೇಲೇಳುತ್ತದೆ. ಅದಕ್ಕೆ ಮುಂಚೆ ಪ್ಲಗ್ ಕಿತ್ತಿರಬೇಕು, ಅಷ್ಟೇ. ದೊಡ್ಡಮ್ಮ ಹಳೇ ಬ್ಯಾಟರಿಯನ್ನು ಅಂಗೈ ಮೇಲಿಟ್ಟುಕೊಂಡು, "ಇಷ್ಟೇ ಇಷ್ಟಿದ್ದು ಬ್ಯಾಂಕನ್ನೇ ನಿಲ್ಲಿಸಿತ್ತಾ!" ಎಂದರು.

ಭಾವನ ಕೀಬೋರ್ಡಿನ ಕಥೆಯೂ ಇಂಥದ್ದೇ. ಯಾವ ಅಕ್ಷರ ಒತ್ತಿದರೂ ಮೂಡೋದಿಲ್ಲ. ಹೊಸ ಕೀಬೋರ್ಡ್ ತಂದರು, ಅದೂ ಮೂಡಿಸಲಿಲ್ಲ. ಅದನ್ನು ವಾಪಸ್ ಕೊಟ್ಟು ಇನ್ನೊಂದು ತಂದರು. ಅಂಗಡಿಯವರ ಜೊತೆ ಮಾತಿಗೆ ಮಾತು ಬೆಳೆದು, ಆಮೇಲೆ ನನಗೆ ಫೋನ್ ಬಂತು. "ನೋಡಮ್ಮಾ, ಈಗಿನ ಸಾಮಾನುಗಳೇ ಸರಿಯಿಲ್ಲ."

ವಿಷಯ ಇಷ್ಟೇ. ವಿಂಡೋಸಿನಲ್ಲಿ ಬಲಗಡೆಯ ಶಿಫ್ಟನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಎಂಬ ಸೌಲಭ್ಯಕ್ಕೆ ಕರೆ ಹೋಗುತ್ತದೆ. ಕೈ ನಡುಗುವವರಿಗೆ ಅದೊಂದು ದೊಡ್ಡ ಉಪಕಾರ. ಅಪ್ಪಿತಪ್ಪಿ ತಗುಲಿದ ಕೀಲಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳೋದಿಲ್ಲ, ಒತ್ತಿ ಹಿಡಿದದ್ದನ್ನು ಮಾತ್ರ ಬರೆಯುತ್ತದೆ. ಭಾವ ಓದುವಾಗ ಬೆರಳನ್ನು ಶಿಫ್ಟಿನ ಮೇಲೆ ವಿಶ್ರಾಂತಿಗೆ ಬಿಡುತ್ತಾರೆ. ಈ ಸೌಲಭ್ಯ ಬೇಕೇ ಅಂತ ವಿಂಡೋಸ್ ಕೇಳಿಯೇ ಕೇಳಿರುತ್ತದೆ. ಡಬ್ಬಿ ತರ ಒಂದು ಬಂದಿರುತ್ತದೆ. ಭಾವ ಎಂಟರ್ ಒತ್ತಿರುತ್ತಾರೆ. ಮತ್ತೆ 8 ಸೆಕೆಂಡ್ ಬಲಗಡೆ ಶಿಫ್ಟ್ ಹಿಡಿಯಿರಿ ಅಂದೆ. ಅಕ್ಷರಗಳು ಸರಾಗ ಮೂಡಿದವು. ಈಗ ಅವರ ಮನೆಯಲ್ಲಿ ಒಂದು ಕೀಬೋರ್ಡ್ ಜಾಸ್ತಿ ಇದೆ.

ಆಫ್ ಮಾಡಿ ಆನ್ ಮಾಡಿ ಅನ್ನೋದು ನಮ್ಮ ವೃತ್ತಿಯ ರಾಮಬಾಣ. ಅದಕ್ಕೂ ಈಗ ಒಂದು ತಿದ್ದುಪಡಿ ಬಂದಿದೆ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬುದಿದೆ. ಶಟ್ ಡೌನ್ ಕೊಟ್ಟರೆ ವಿಂಡೋಸ್ ತನ್ನ ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿಗೆ ಬರೆದಿಟ್ಟು, ಮಾರನೇ ದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ನಿನ್ನೆಯ ಗೊಂದಲವೂ ಜೊತೆಗೇ ಏಳಬಹುದು. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಮೊದಲಿಂದ ಶುರು. "ದಿನಾ ರಾತ್ರಿ ಆಫ್ ಮಾಡ್ತೀನಲ್ಲ" ಅನ್ನುವವರಿಗೆ ಇದನ್ನು ವಿವರಿಸಿದರೆ ನನ್ನನ್ನೇ ಅನುಮಾನದಿಂದ ನೋಡುತ್ತಾರೆ.

ಸುಮ್ನಿರುವುದರಲ್ಲಿ ಎಲ್ಲಕ್ಕಿಂತ ಅಪಾಯದ್ದು ಹಾಕಿಕೊಳ್ಳದೆ ಬಿಟ್ಟ ಅಪ್‌ಡೇಟ್. 2017ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ವಿಂಡೋಸಿನ ಒಂದು ತೂತಿಗೆ ತೇಪೆ ಬಿಟ್ಟಿತು. "ಆಮೇಲೆ ನೆನಪಿಸು" ಅಂದವರು ಎಷ್ಟೋ ಜನ. ಮೇ 12ಕ್ಕೆ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಅದೇ ತೂತಿನಿಂದ ನುಗ್ಗಿತು. ಯಾರೂ ಏನೂ ಒತ್ತಬೇಕಾಗಿರಲಿಲ್ಲ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ನಡೆದು ಹೋಗುತ್ತಿತ್ತು. ಫೈಲುಗಳಿಗೆಲ್ಲ ಬೀಗ ಜಡಿದು 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೇಳಿತು. ಅದೂ ಕೆಂಪು ಡಬ್ಬಿ ತೋರಿಸಿತು ನಿಜ, ಆದರೆ ಕೆಲಸ ಮುಗಿಸಿದ ಮೇಲೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು, ಅಂದರೆ ಇಂಥ ತೇಪೆಗಳು ಮಾಮೂಲಿಯಾಗಿ ಬರುವುದು ನಿಂತಿತು. ಮಾರನೇ ಬೆಳಿಗ್ಗೆ ಭಾವನ ವಿಂಡೋಸ್ 10 ಕಂಪ್ಯೂಟರ್ ಎಂದಿನಂತೆ ಎದ್ದು ನಗುನಗುತ್ತಾ ಕೂತಿತ್ತು. "ಏನೂ ಆಗಲಿಲ್ವಲ್ಲಮ್ಮ" ಅಂದರು ಭಾವ. ಅದೇ ಕಷ್ಟ.

ಫೈಲಿನ ಬಾಲದ ಬಗ್ಗೆಯೂ, ಅಂದರೆ ಹೆಸರಿನ ಕೊನೆಯಲ್ಲಿ ಚುಕ್ಕಿಯಾದ ಮೇಲೆ ಬರುವ ಅಕ್ಷರಗಳ ಬಗ್ಗೆಯೂ, ಒಂದು ಮಾತು. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ ಐ ಲವ್ ಯೂ ಎಂಬ ಮೇಲ್ ಪ್ರಪಂಚ ಸುತ್ತಿತು. ಜೊತೆಯಲ್ಲಿದ್ದ ಪ್ರೇಮಪತ್ರದ ಹೆಸರು ಟಿಎಕ್ಸ್‌ಟಿ ಅಂತ ಮುಗಿದ ಹಾಗೆ ಕಾಣುತ್ತಿತ್ತು. ಅದರ ಹಿಂದೆ ವಿಬಿಎಸ್ ಅಂತ ಇನ್ನೊಂದು ಬಾಲವಿತ್ತು. ವಿಂಡೋಸ್ ಆ ಕೊನೇ ಬಾಲವನ್ನು ಮರೆಮಾಡಿ ತೋರಿಸುತ್ತಿತ್ತು. ಜನ ಪತ್ರ ಅಂತ ತೆರೆದರು, ಓಡಿದ್ದು ಪ್ರೋಗ್ರಾಮು. ಅದು ಅವರ ವಿಳಾಸ ಪುಸ್ತಕದಲ್ಲಿದ್ದವರಿಗೆಲ್ಲ ಪ್ರೇಮ ನಿವೇದಿಸಿ, ಡಿಸ್ಕಿನಲ್ಲಿದ್ದ ಫೋಟೋಗಳನ್ನು ಅಳಿಸಿ ಬರೆಯಿತು. ವಿಂಡೋಸ್ ಈಗಲೂ ಬಾಲ ಮರೆಮಾಡಿಯೇ ಬರುತ್ತದೆ. ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರಿನಲ್ಲಿ ವ್ಯೂ, ಅದರಲ್ಲಿ ಶೋ, ಅದರಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿದರೆ ಕಾಣುತ್ತದೆ. ಯಾರ ಮನೆಗೆ ಹೋದರೂ ನಾನು ಮೊದಲು ಮಾಡೋದು ಇದನ್ನೇ. ಯಾರೂ ಗಮನಿಸೋದಿಲ್ಲ.

ಪಾಸ್‌ವರ್ಡ್ ವಿಷಯದಲ್ಲಿ ಮಾತ್ರ ನಾನು ದೊಡ್ಡಮ್ಮನ ಪಕ್ಷ. ಅವರು ಎಲ್ಲವನ್ನೂ ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಓದಿದ ಮಕ್ಕಳು ಬೈಯುತ್ತಾರೆ. ಕದಿಯುವವನು ಎಲ್ಲೋ ದೂರದಲ್ಲಿ ಕೂತಿರುತ್ತಾನೆ, ಅವನ ಕೈ ದೊಡ್ಡಮ್ಮನ ಬೀರುವಿನ ತನಕ ಬರೋದಿಲ್ಲ. ಬೈಯುವ ಮಕ್ಕಳೋ, ಇಮೇಲ್‌ನಿಂದ ಹಿಡಿದು ಬ್ಯಾಂಕಿನ ತನಕ ಒಂದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದಾರೆ. ಒಂದು ಕಡೆ ಸೋರಿದರೆ ಎಲ್ಲ ಕಡೆ ಬಾಗಿಲು ತೆರೆದ ಹಾಗೆ. ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಎಲ್ಲ ಇರಲಿ, ಆಗಾಗ ಬದಲಾಯಿಸುತ್ತಿರಿ ಅಂತ 2003ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಗಾಗಿ ಸಲಹೆ ಬರೆದ ಬಿಲ್ ಬರ್ ಅವರೇ 2017ರಲ್ಲಿ, ಅದರಲ್ಲಿ ಬಹಳಷ್ಟಕ್ಕೆ ಈಗ ವಿಷಾದವಿದೆ ಅಂದರು. ಈಗಿನ ಸಲಹೆ ಉದ್ದಕ್ಕಿರಲಿ, ಒಂದೊಂದು ಕಡೆ ಒಂದೊಂದಿರಲಿ ಅಂತ. ದೊಡ್ಡಮ್ಮ ಅದನ್ನು ಮೊದಲಿಂದಲೂ ಮಾಡುತ್ತಿದ್ದಾರೆ.

ಇಷ್ಟೆಲ್ಲ ಪಾಠ ಹೇಳಿದ್ದರ ಫಲ ಮೊನ್ನೆ ಗೊತ್ತಾಯಿತು. ಚಿಕ್ಕಪ್ಪನ ಕಂಪ್ಯೂಟರ್ ನಿಧಾನವಾಗಿದೆ ಅಂತ ಫೋನ್ ಬಂತು. ಅಷ್ಟು ದೂರ ಹೋಗೋದು ಯಾಕೆ ಅಂತ, ಕಂಟ್ರೋಲ್, ವಿಂಡೋಸ್, ಕ್ಯೂ ಒತ್ತಿ ಕ್ವಿಕ್ ಅಸಿಸ್ಟ್ ತೆರೆಸಿದೆ.

"ಈಗ ನಾನೊಂದು ಕೋಡ್ ಹೇಳ್ತೀನಿ, ಅದನ್ನ ಹೊಡೀರಿ."

"ಹೊಡೆದ್ರೆ ಏನಾಗುತ್ತೆ?"

"ನಿಮ್ಮ ಪರದೆ ನನಗೆ ಕಾಣುತ್ತೆ."

"ಕಳ್ಳರೂ ಹೀಗೇ ಹೇಳ್ತಾರೆ ಅಂದಿದ್ದೆಯಲ್ಲ?"

"ಚಿಕ್ಕಪ್ಪಾ, ನಾನು ನಿಮ್ಮ ಅಣ್ಣನ ಮಗಳು!"

"ದನಿ ನಕಲು ಮಾಡೋಕೂ ಬರುತ್ತಂತೆ ಈಗ. ಸರಿ, ನಮ್ಮ ಮದುವೆ ತಾರೀಕು ಹೇಳು ನೋಡೋಣ."

ನನಗೆ ಗೊತ್ತಿರಲಿಲ್ಲ. ಹಿಂದಿನಿಂದ ಚಿಕ್ಕಮ್ಮನ ದನಿ ಕೇಳಿಸಿತು, "ನಿಮಗೆ ಗೊತ್ತಾ? ಮೊದಲು ನೀವು ಹೇಳಿ."

ಚಿಕ್ಕಪ್ಪ ಫೋನ್ ಇಟ್ಟುಬಿಟ್ಟರು.